ಕೋಚಿಂಗ್ ಕ್ಲಾಸಿನಿಂದ ಯುಡಿಐಡಿ ಕಾರ್ಡಿನವರೆಗೆ: ಡಿಸ್ಲೆಕ್ಸಿಯಾ ಇರುವ ಹುಡುಗನ ಜೊತೆ ಓಡಾಡಿದ ಅನುಭವ

ಕೊನೆಗೂ ಸರ್ಟಿಫಿಕೇಟ್ ಬಂತು. ಅದು ನನ್ನದಲ್ಲ, ನನ್ನ ವಿದ್ಯಾರ್ಥಿಯದು. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಬುದ್ಧಿಗೆ ಕೊರತೆ ಇಲ್ಲದಿದ್ದರೂ ಓದು ಬರಹ ಕಷ್ಟವಾಗುವ ಸ್ಥಿತಿ, ಇದೆ ಎನ್ನುವ ಪ್ರಮಾಣಪತ್ರ, ಜೊತೆಗೆ ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಕಾರ್ಡ್. ಆದರೆ ಅದರ ಹಿಂದೆ ಓಡಾಡಿದವರಲ್ಲಿ ನಾನೂ ಒಬ್ಬಳು. ಮುಂದೆ ಈ ಕೆಲಸಕ್ಕೆ ಇಳಿಯುವ ಕೋಚ್‌ಗಳಿಗೆ, ಅಪ್ಪ ಅಮ್ಮಂದಿರಿಗೆ ಉಪಯೋಗ ಆಗಲಿ ಅಂತ ಎಲ್ಲ ನೆನಪಿರುವಾಗಲೇ ಬರೆಯುತ್ತಿದ್ದೇನೆ. ಹುಡುಗನೂ ಅವನ ಅಮ್ಮನೂ ಬರೆಯಿರಿ ಎಂದಿದ್ದಾರೆ. ಹೆಸರು ಮಾತ್ರ ಹೇಳುವುದಿಲ್ಲ.

ನಾನು ಮಂಗಳೂರಿನ ಹಂಪನಕಟ್ಟೆ ಹತ್ತಿರ ಬ್ಯಾಂಕ್ ಪರೀಕ್ಷೆಗಳಿಗೆ ಕೋಚಿಂಗ್ ಕೊಡುತ್ತೇನೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಬ್ಯಾಂಕ್, ಎಲ್ಲ ಹುಟ್ಟಿದ್ದು ಈಗಿನ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲೇ. ಡಿಗ್ರಿ ಮುಗಿದ ಕೂಡಲೇ "ಒಂದು ಬ್ಯಾಂಕ್ ಎಕ್ಸಾಮ್ ಬರೆ" ಅನ್ನುವ ಮನೆಗಳು ಇಲ್ಲಿ ಈಗಲೂ ಜಾಸ್ತಿ. ಈ ಹುಡುಗನೂ ಅಂಥದ್ದೇ ಮನೆಯವನು. ಬೆಳ್ತಂಗಡಿ ಕಡೆಯವನು. ಅಮ್ಮ ಬೀಡಿ ಕಟ್ಟುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಕಾಂ. ಬೆಳಗ್ಗೆ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಎಲ್ಲರಿಗಿಂತ ಮೊದಲೇ ಬಂದು ಕೂರುತ್ತಿದ್ದ.

ಬ್ಯಾಂಕ್ ನೇಮಕಾತಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಮೊದಲ ಹಂತದ ಪರೀಕ್ಷೆ, ಪ್ರಿಲಿಮ್ಸ್, ಅಂದರೆ 60 ನಿಮಿಷಕ್ಕೆ 100 ಪ್ರಶ್ನೆ. ಇಂಗ್ಲಿಷ್, ಗಣಿತ, ರೀಸನಿಂಗ್, ಒಂದೊಂದಕ್ಕೂ 20 ನಿಮಿಷ. ತಪ್ಪಾದರೆ ಕಾಲು ಅಂಕ ಹೋಗುತ್ತದೆ. ಮಾಕ್ ಟೆಸ್ಟ್‌ಗಳಲ್ಲಿ ಇವನ ಅಂಕ ಏರುತ್ತಲೇ ಇರಲಿಲ್ಲ. ಮಾಡಿದ್ದು ಹೆಚ್ಚುಕಡಿಮೆ ಎಲ್ಲ ಸರಿ, ಆದರೆ ಅರ್ಧಕ್ಕರ್ಧ ಪ್ರಶ್ನೆ ಮುಟ್ಟುವುದೇ ಇಲ್ಲ. ಒಂದು ಸಂಜೆ ಪಕ್ಕದಲ್ಲಿ ಕೂತು ನೋಡಿದೆ. ಪರದೆಯ ಮೇಲೆ ಬೆರಳಿಟ್ಟು ಓದುತ್ತಿದ್ದ. ತುಟಿ ಅಲ್ಲಾಡುತ್ತಿತ್ತು. ಒಂದು ಸಾಲು ಮುಗಿಸಿ ಕೆಳಗಿನ ಸಾಲಿಗೆ ಹೋಗುವ ಬದಲು ಅದೇ ಸಾಲಿನ ಆರಂಭಕ್ಕೆ ಮರಳುತ್ತಿದ್ದ. "ಫ್ರಮ್" ಅನ್ನು "ಫಾರ್ಮ್" ಎಂದು ಓದಿದ. ಪ್ರಶ್ನೆಯಲ್ಲಿದ್ದ "ನಾಟ್" ಅವನ ಕಣ್ಣಿಗೆ ಬೀಳಲೇ ಇಲ್ಲ.

ಪರದೆ ನನ್ನ ಕಡೆ ತಿರುಗಿಸಿಕೊಂಡು ನಾನೇ ಓದಿ ಹೇಳಿದೆ. ದುಂಡು ಮೇಜಿನ ಸುತ್ತ ಎಂಟು ಜನ, ಯಾರ ಎಡಕ್ಕೆ ಯಾರು, ಯಾರ ಎದುರು ಯಾರು, ಇಬ್ಬರು ಹೊರಗೆ ಮುಖ ಮಾಡಿದ್ದಾರೆ, ಹೀಗೆ. ಅವನು ಪೆನ್ನು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕೇಳಿದ. ನಾನು ಕೊನೆಯ ಸಾಲು ಮುಗಿಸುವಾಗ ಎಂಟೂ ಜನರನ್ನು ಸಾಲಾಗಿ ಹೇಳಿಬಿಟ್ಟ. ನನ್ನ ಬ್ಯಾಚಿನ ಅತಿ ಚುರುಕಿನವರೂ ಕಾಗದದಲ್ಲಿ ವೃತ್ತ ಬರೆಯದೆ ಇದನ್ನು ಮಾಡುವುದಿಲ್ಲ.

ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗಿಲ್ಲವಾ ಅಂತ ನೀವು ಕೇಳಬಹುದು. ನಮ್ಮ ಊರಿನಲ್ಲಿ ಇದು ಅಡಗಿ ಕೂರಲು ಒಂದು ಕಾರಣ ಉಂಟು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪಿಯುಸಿಯಿಂದ ಇಂಗ್ಲಿಷ್. ಕನ್ನಡ ಓದುವಾಗ ತಡವರಿಸಿದರೆ "ತುಳು ಮನೆಯ ಹುಡುಗ ಅಲ್ವಾ" ಅನ್ನುತ್ತಾರೆ. ಇಂಗ್ಲಿಷಿನಲ್ಲಿ ತಡವರಿಸಿದರೆ "ಕನ್ನಡ ಮೀಡಿಯಂ ಅಲ್ವಾ" ಅನ್ನುತ್ತಾರೆ. ಪ್ರತಿ ಹಂತದಲ್ಲೂ ಒಂದು ನೆಪ ಸಿದ್ಧವಾಗಿಯೇ ಇರುತ್ತದೆ. ಡಿಸ್ಲೆಕ್ಸಿಯಾ ಇರುವವರಿಗೆ ಕಷ್ಟ ಒಂದು ಭಾಷೆಗೆ ನಿಲ್ಲುವುದಿಲ್ಲ. ತುಳುವಿನಲ್ಲಿ ಅದು ಕಾಣಿಸದಿರುವುದು ಮನೆಯಲ್ಲಿ ಯಾರೂ ತುಳು ಓದುವುದಿಲ್ಲ, ಬರೀ ಮಾತಾಡುತ್ತಾರೆ ಎಂಬ ಕಾರಣಕ್ಕೆ. ಮಾತಿನಲ್ಲಿ ಇವನನ್ನು ಮೀರಿಸುವವರಿಲ್ಲ.

ಕೋಚ್ ಆದವರಿಗೆ ಒಂದು ಮಾತು. "ನಿನಗೆ ಡಿಸ್ಲೆಕ್ಸಿಯಾ" ಅಂತ ನಾವು ಹೇಳಬಾರದು, ಅದನ್ನು ಹೇಳಬೇಕಾದವರು ಬೇರೆ. ಕಂಡದ್ದನ್ನು ಹೇಳಬಹುದು. ನಾನು ಹೇಳಿದ್ದು ಇಷ್ಟೇ: "ನೀನು ಕೇಳಿದಾಗ ಮಾಡುವ ಲೆಕ್ಕ, ಓದಿದಾಗ ಮಾಡುವ ಲೆಕ್ಕ, ಎರಡರ ನಡುವೆ ತುಂಬಾ ವ್ಯತ್ಯಾಸ ಇದೆ. ಯಾಕೆ ಅಂತ ತಿಳಿದವರ ಹತ್ತಿರ ನೋಡಿಸೋಣ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ನಾನು ದಡ್ಡ ಅಲ್ಲ ಅಂತ ಬರೆದು ಕೊಡ್ತಾರಾ ಮೇಡಂ?"

ಅಮ್ಮನ ಪ್ರಶ್ನೆಗಳು ಬೇರೆ. "ಇದು ಕಾಯಿಲೆಯಾ ಮೇಡಂ? ಮದ್ದು ಉಂಟಾ?" ಕಾಯಿಲೆ ಅಲ್ಲ, ಓದುವ ಕೆಲಸಕ್ಕೆ ಇವನ ಮಿದುಳು ಹಿಡಿಯುವ ದಾರಿ ಬೇರೆ, ಮಾತ್ರೆಯಿಂದ ಬದಲಾಗುವುದಲ್ಲ ಎಂದೆ. "ಸರ್ಟಿಫಿಕೇಟ್ ಅಂದ್ರೆ ಅಂಗವಿಕಲ ಅಂತ ಬರೀತಾರಲ್ವಾ? ನಾಳೆ ಹೆಣ್ಣು ಕೊಡುವವರು ಎಂತ ಹೇಳ್ತಾರೆ?" ಈ ಭಯವನ್ನು ಯಾರೂ ಹಗುರವಾಗಿ ನೋಡಬಾರದು. ಕಾರ್ಡನ್ನು ಯಾರಿಗೆ ತೋರಿಸಬೇಕು, ಯಾರಿಗೆ ಬೇಡ ಅನ್ನುವುದು ನಿಮ್ಮದೇ ತೀರ್ಮಾನ ಎಂದೆ. ಕೆಲವು ವಾರ ಅವರು ಮತ್ತೆ ಆ ಮಾತೆತ್ತಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಆದರೆ ಕಾಗದ ಬರುವವರೆಗೆ ಕಲಿಸುವ ರೀತಿ ಬದಲಿಸದೆ ಕೂರುವ ಅಗತ್ಯ ಇರಲಿಲ್ಲವಲ್ಲ? ಅದನ್ನು ಮರುದಿನವೇ ಶುರು ಮಾಡಿದೆವು.

ಏನು ಮಾಡಿದೆವು ಅಂದರೆ, ಅಕ್ಷರ ದೊಡ್ಡದು ಮಾಡಿದೆವು, ಸಾಲುಗಳ ನಡುವೆ ಜಾಗ ಹೆಚ್ಚಿಸಿದೆವು. ಓದುವ ಸಾಲಿನ ಕೆಳಗೆ ದಪ್ಪ ಕಾಗದದ ಪಟ್ಟಿ ಇಟ್ಟೆವು. ನೋಟ್ಸ್ ಬದಲು ವಾಯ್ಸ್ ಮೆಸೇಜ್ ಕಳಿಸಿದೆ. ಪಠ್ಯವನ್ನು ಓದಿ ಹೇಳುವ ಸೌಲಭ್ಯ ಈಗ ಹೆಚ್ಚಿನ ಫೋನ್‌ಗಳಲ್ಲೇ ಇದೆ, ಕನ್ನಡದಲ್ಲೂ ಓದುತ್ತದೆ. ಬಸ್ಸಿನಲ್ಲಿ ಬರುವಾಗ ಕರೆಂಟ್ ಅಫೇರ್ಸ್ ಎಲ್ಲವನ್ನೂ ಅವನು ಕಿವಿಯಲ್ಲೇ ಮುಗಿಸುತ್ತಿದ್ದ. ಇಂಗ್ಲಿಷ್ ಪ್ಯಾಸೇಜ್ ಬಂದಾಗ ಮೊದಲು ಪ್ರಶ್ನೆ, ಆಮೇಲೆ ಪ್ಯಾಸೇಜ್. ಗ್ರಾಮೀಣ ಬ್ಯಾಂಕುಗಳ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ಭಾಗವೇ ಇಲ್ಲ, ರೀಸನಿಂಗ್ ಮತ್ತು ಗಣಿತ ಮಾತ್ರ. ಹಾಗಾಗಿ ಅದನ್ನೇ ಮೊದಲ ಗುರಿ ಮಾಡಿಕೊಂಡೆವು. ದೊಡ್ಡ ಗುಂಪಿನ ಎದುರು ಗಟ್ಟಿಯಾಗಿ ಓದಿಸುವುದನ್ನು ಪೂರ್ತಿ ನಿಲ್ಲಿಸಿದೆ, ಇವನಿಗೆ ಮಾತ್ರ ಅಲ್ಲ, ಇಡೀ ಬ್ಯಾಚಿಗೆ. ಅದರಿಂದ ಯಾರ ಕಲಿಕೆಗೂ ಏನೂ ಕಡಿಮೆಯಾಗಲಿಲ್ಲ.

ಅಮ್ಮನೇ ಒಂದು ದಿನ ಫೋನ್ ಮಾಡಿ "ಹೋಗುವ ಮೇಡಂ" ಎಂದರು. ಅಷ್ಟರಲ್ಲಿ ಅವರು ತಮಗೆ ತಿಳಿದಂತೆ ಒಂದು ಕೌನ್ಸೆಲಿಂಗ್ ಕೇಂದ್ರದಲ್ಲಿ ಸಾವಿರಾರು ರೂಪಾಯಿ ಕೊಟ್ಟು ವರದಿ ಮಾಡಿಸಿದ್ದರು. ಆ ವರದಿ ಮುಂದೆ ಎಲ್ಲೂ ನಡೆಯಲಿಲ್ಲ. ಸಹಿ ಹಾಕಿದವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದರೆ ಆರ್‌ಸಿಐನ ನೋಂದಣಿ ಇರಲಿಲ್ಲ. ದಯವಿಟ್ಟು ಇದನ್ನು ನೆನಪಿಡಿ. ಹಣ ಕೊಡುವ ಮೊದಲೇ "ನಿಮ್ಮ ಆರ್‌ಸಿಐ ನಂಬರ್ ಏನು?" ಅಂತ ಕೇಳಿ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಸಂಕೋಚವಿಲ್ಲದೆ ಹೇಳುತ್ತಾರೆ, ವರದಿಯಲ್ಲಿ ಅದನ್ನು ಬರೆದೂ ಬರೆಯುತ್ತಾರೆ.

ಎರಡನೇ ಸಲ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಕ್ಲಿನಿಕಲ್ ಸೈಕಾಲಜಿ ವಿಭಾಗಕ್ಕೆ ಹೋದೆವು. ಅಪಾಯಿಂಟ್‌ಮೆಂಟ್ ಸಿಗಲು ತಿಂಗಳ ಮೇಲಾಯಿತು. ಒಟ್ಟು ಸುಮಾರು ನಾಲ್ಕು ಸಾವಿರ ಖರ್ಚಾಯಿತು. ಮೊದಲು ಕಣ್ಣು, ಕಿವಿ ಪರೀಕ್ಷೆ. ಅದನ್ನು ಮೊದಲೇ ಮಾಡಿಸಿಕೊಂಡು ಹೋದರೆ ಒಂದು ದಿನ ಉಳಿಯುತ್ತದೆ. ಆಮೇಲೆ ಐಕ್ಯೂ ಪರೀಕ್ಷೆ, ಓದು, ಬರಹ, ಕಾಗುಣಿತ, ಲೆಕ್ಕ. ಇಲ್ಲೊಂದು ತೊಡಕು ಬಂತು. ನಮ್ಮ ದೇಶದಲ್ಲಿ ಹೆಚ್ಚು ಬಳಸುವ ನಿಮ್ಹಾನ್ಸ್ ಬ್ಯಾಟರಿ ಎಂಬ ಪರೀಕ್ಷೆಗಳ ಗುಂಪನ್ನು ರೂಪಿಸಿದ್ದು ಮಕ್ಕಳಿಗಾಗಿ. ಡಿಗ್ರಿ ಮುಗಿಸಿದವನಿಗೆ ಪ್ರಾಥಮಿಕ ಶಾಲೆಯ ಮಟ್ಟದ ಪ್ಯಾಸೇಜ್ ಓದಿಸುತ್ತಾರೆ. ಅವನಿಗೆ ಅವಮಾನವಾಗಬಾರದು ಅಂತ ಹಿಂದಿನ ದಿನವೇ ಹೇಳಿಟ್ಟಿದ್ದೆ. ಆದರೂ ಹೊರಗೆ ಬಂದಾಗ ಮುಖ ಕೆಂಪಗಿತ್ತು.

ದೊಡ್ಡವರ ವಿಷಯದಲ್ಲಿ ಬಾಲ್ಯದ ಸಾಕ್ಷಿ ತುಂಬಾ ಮುಖ್ಯ. ಶಾಲೆಯಲ್ಲೇ ಈ ಕಷ್ಟ ಇತ್ತು ಅಂತ ತೋರಿಸಬೇಕು. ಅಮ್ಮ ಒಂದು ಪ್ಲಾಸ್ಟಿಕ್ ಚೀಲ ತಂದಿದ್ದರು. ಒಂದನೇ ತರಗತಿಯಿಂದ ಎಲ್ಲ ನೋಟ್‌ಬುಕ್ ಎತ್ತಿಟ್ಟಿದ್ದಾರೆ! ನಾಲ್ಕನೇ ತರಗತಿಯ ಉಕ್ತಲೇಖನದ ಪುಸ್ತಕ ತೆರೆದು ಸೈಕಾಲಜಿಸ್ಟ್ ಮೇಜಿನ ಮೇಲಿಟ್ಟರು. "ಅಕ್ಕ" ಇರಬೇಕಾದಲ್ಲಿ "ಅಕ". "ರಾಷ್ಟ್ರ" ಇರಬೇಕಾದಲ್ಲಿ "ರಾಷ". ದೀರ್ಘ ಇರುವಲ್ಲಿ ಇಲ್ಲ, ಇಲ್ಲದಲ್ಲಿ ಇದೆ. ಒತ್ತಕ್ಷರ ಬಂದ ಕಡೆಯೆಲ್ಲ ಕೆಂಪು ಗೆರೆ. ಪುಟದ ಕೆಳಗೆ "ಗಮನ ಸಾಲದು" ಅಂತ ಬರೆದಿತ್ತು. ಆ ಷರಾ ಬೇರೆ ಬೇರೆ ಕೈಬರಹದಲ್ಲಿ ವರ್ಷ ವರ್ಷವೂ ಇತ್ತು. ಅಮ್ಮ ಅದರ ಮೇಲೆ ಕೈ ಇಟ್ಟುಕೊಂಡು "ಇದಕ್ಕೆ ನಾನೂ ಹೊಡೆದಿದ್ದೇನೆ" ಎಂದರು. ಸೈಕಾಲಜಿಸ್ಟ್ ಅವಸರ ಮಾಡಲಿಲ್ಲ. ನೀರು ಕೊಟ್ಟರು, ಕಾದರು.

ನೋಟ್‌ಬುಕ್ ಇಲ್ಲದಿದ್ದರೆ ಹಳೆಯ ಮಾರ್ಕ್ಸ್ ಕಾರ್ಡ್ ತನ್ನಿ. ಶಾಲೆಯ ಟೀಚರ್ ಯಾರಾದರೂ ಸಿಕ್ಕಿದರೆ ಒಂದು ಪತ್ರ ಬರೆಸಿ. ಕೋಚ್ ಆದವರೂ ತಾವು ಕಂಡದ್ದನ್ನು ದಿನಾಂಕ ಹಾಕಿ ಬರೆದುಕೊಡಬಹುದು. ಕೇಳಿ ಮಾಡಿದ ಪರೀಕ್ಷೆಯ ಅಂಕ, ಓದಿ ಮಾಡಿದ ಪರೀಕ್ಷೆಯ ಅಂಕ, ಎರಡನ್ನೂ ಪಕ್ಕಪಕ್ಕ ಇಟ್ಟು ನಾನು ಕೊಟ್ಟಿದ್ದೆ. ಅದು ಉಪಯೋಗಕ್ಕೆ ಬಂತು ಅಂತ ಆಮೇಲೆ ಹೇಳಿದರು.

ವರದಿ ಬಂದ ಮೇಲೆ ಸರ್ಕಾರದ ಕಾಗದದ ಕೆಲಸ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ನ್ಯೂನತೆಗಳ ಪಟ್ಟಿ ಇದೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಮತ್ತು ಆಟಿಸಂ (ಜನರೊಡನೆ ಬೆರೆಯುವ, ಮಾತಾಡುವ ರೀತಿ ಬೇರೆಯಾಗಿರುವ ಸ್ಥಿತಿ) ಸೇರಿವೆ. ಡಿಸ್ಲೆಕ್ಸಿಯಾ ಬರುವುದು ಈ ಕಲಿಕಾ ನ್ಯೂನತೆಯ ಅಡಿಯಲ್ಲಿ. ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿಗೆ ಅರ್ಜಿ ಹಾಕಬೇಕು. ಅರ್ಜಿಗೆ ಶುಲ್ಕ ಇಲ್ಲ. ಆಧಾರ್, ಫೋಟೋ, ವಿಳಾಸದ ದಾಖಲೆ ಬೇಕು. ಇವನ ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಮುಂದೆ. ಅದನ್ನು ಸರಿ ಮಾಡಿಸಲಿಕ್ಕೇ ಒಂದಷ್ಟು ದಿನ ಹೋಯಿತು. ಪರೀಕ್ಷೆಯ ಅರ್ಜಿಯಲ್ಲಿ ಹೆಸರು ಹೇಗಿರುತ್ತದೋ ಯುಡಿಐಡಿಯಲ್ಲೂ ಹಾಗೇ ಇರಲಿ, ಆಮೇಲಿನ ತಲೆಬಿಸಿ ಬೇಡ. ನಿಮ್ಮ ಗ್ರಾಮ ಪಂಚಾಯತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ಅವರನ್ನು ಕೇಳಿ. ಇವರ ಊರಿನ ಕಾರ್ಯಕರ್ತರು ಅರ್ಜಿ ತುಂಬಿಸಿ, ಆಸ್ಪತ್ರೆಯಲ್ಲಿ ಪ್ರಮಾಣಪತ್ರ ಕೊಡುವ ಮೆಡಿಕಲ್ ಬೋರ್ಡ್ ಕೂರುವ ದಿನವನ್ನೂ ವಿಚಾರಿಸಿ ಹೇಳಿದರು. ಸೈಬರ್ ಸೆಂಟರ್‌ಗಿಂತ ಎಷ್ಟೋ ವಾಸಿ.

ಆಸ್ಪತ್ರೆಯಲ್ಲಿ ಕಾದದ್ದು ಜಾಸ್ತಿ. ಆಟಿ ತಿಂಗಳ ಮಳೆ, ಒದ್ದೆ ಕೊಡೆಗಳು, ಕೂರಲು ಜಾಗ ಇಲ್ಲ. ಒಂದು ಸಲ ಸೈಕಾಲಜಿಸ್ಟ್ ರಜೆ. ಇನ್ನೊಂದು ಸಲ ಕೌಂಟರ್‌ನಲ್ಲಿದ್ದವರು ಫೈಲ್ ನೋಡಿ, "ಇದು ಸಣ್ಣ ಮಕ್ಕಳಿಗೆ ಕೊಡುವುದು, ಡಿಗ್ರಿ ಆದವನಿಗೆ ಎಂತಕ್ಕೆ?" ಎಂದು ವಾಪಸ್ ಕೊಟ್ಟರು. ಸುತ್ತ ಇದ್ದವರೆಲ್ಲ ತಿರುಗಿ ನೋಡಿದರು. ಹುಡುಗ "ಬೇಡ ಮೇಡಂ, ಹೋಗುವ" ಎಂದ. ಅವತ್ತು ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿ ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು 8 ವರ್ಷದಿಂದ ಕೊಡಬಹುದು, 14 ಮತ್ತು 18ಕ್ಕೆ ಮತ್ತೆ ಪರೀಕ್ಷಿಸಬೇಕು, 18ಕ್ಕೆ ಕೊಟ್ಟದ್ದು ಜೀವನಪೂರ್ತಿ ಎಂದಿತ್ತು. ಇದನ್ನು ಓದಿದವರು "ಹಾಗಾದರೆ ಇದು ಶಾಲೆಯ ಮಕ್ಕಳಿಗೆ" ಅಂದುಕೊಳ್ಳುತ್ತಾರೆ. 2024ರ ಮಾರ್ಚಿನಲ್ಲಿ ಹೊಸ ಮಾರ್ಗಸೂಚಿ ಬಂದಿದೆ. ಅದನ್ನು ಪ್ರಿಂಟ್ ತೆಗೆದು ಮುಂದಿನ ಸಲ ಬೋರ್ಡಿನ ಡಾಕ್ಟರ ಎದುರೇ ಇಟ್ಟೆ. ದೊಡ್ಡವರಿಗೆ ಕೊಡಬಾರದು ಅಂತ ಎಲ್ಲಿದೆ, ದಯವಿಟ್ಟು ತೋರಿಸಿ ಎಂದು ಕೇಳಿದೆ. ಅವರು ವರದಿಯನ್ನು ಪೂರ್ತಿ ಓದಿದರು. ಹುಡುಗನನ್ನು ಕೂರಿಸಿ ತಾವೇ ಮಾತಾಡಿಸಿದರು. ಆಮೇಲೆ ಎಲ್ಲ ಸರಾಗ. ನಿಮಗೂ ಹೀಗಾದರೆ ಕೌಂಟರ್‌ನಿಂದಲೇ ವಾಪಸ್ ಹೋಗಬೇಡಿ. ಕೊಡುವುದಿಲ್ಲ ಅನ್ನುವುದಾದರೆ ಕಾರಣವನ್ನು ಬರೆದುಕೊಡಿ ಅಂತ ಕೇಳಿ.

ಕಾದ ದಿನಗಳಲ್ಲಿ ಅಮ್ಮನನ್ನು ಕಾಡಿದ್ದು ನ್ಯೂನತೆಯ ಶೇಕಡಾವಾರು. ಶೇಕಡಾ 40 ಬಂದರೆ ಮೀಸಲಾತಿ ಸಿಗುತ್ತದೆ. ಸರ್ಕಾರಿ ಹುದ್ದೆಗಳಲ್ಲಿ ವಿಕಲಚೇತನರಿಗೆ ಶೇಕಡಾ 4 ಇದೆ. "39 ಬಂದರೆ ಎಲ್ಲ ಹೋಯ್ತಾ?" ಎಂದು ಕೇಳುತ್ತಿದ್ದರು. ಹಾಗಿಲ್ಲ. 2021ರಲ್ಲಿ ಯುಪಿಎಸ್‌ಸಿಗೆ ಸಂಬಂಧಿಸಿದ ಒಂದು ಮೊಕದ್ದಮೆಯಲ್ಲಿ, ಬರೆಯಲು ಕಷ್ಟ ಇರುವ ಅಭ್ಯರ್ಥಿಗೆ ಶೇಕಡಾ 40 ಇಲ್ಲದಿದ್ದರೂ ಸ್ಕ್ರೈಬ್, ಅಂದರೆ ಅವರ ಪರವಾಗಿ ಓದಿ ಬರೆಯುವ ಸಹಾಯಕರನ್ನು, ಕೊಡಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿತು. ಅದರ ಮೇಲೆ 2022ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿತು. ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ. ಇವನಿಗೆ ಶೇಕಡಾ 40 ದಾಟಿತು, ಹಳದಿ ಪಟ್ಟಿಯ ಕಾರ್ಡ್ ಬಂತು. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 80 ಮತ್ತು ಮೇಲಿದ್ದರೆ ನೀಲಿ.

ಕಾರ್ಡ್ ಬಂದ ಕೂಡಲೇ ಎಲ್ಲ ಸಿಗುತ್ತದೆ ಅಂದುಕೊಳ್ಳಬೇಡಿ. ಹೆಚ್ಚುವರಿ ಸಮಯ, ಸ್ಕ್ರೈಬ್ ಬೇಕು ಅಂತ ಪರೀಕ್ಷೆಯ ಅರ್ಜಿ ತುಂಬುವಾಗಲೇ ಹೇಳಬೇಕು. ಹಾಲ್‌ನಲ್ಲಿ ಹೋಗಿ ಕೇಳಿದರೆ ಆಗುವುದಿಲ್ಲ. ಸ್ಕ್ರೈಬ್ ಯಾರಾಗಬಹುದು ಅನ್ನುವ ನಿಯಮ ಬದಲಾಗುತ್ತಿರುತ್ತದೆ, ಪ್ರತಿ ಅಧಿಸೂಚನೆಯನ್ನೂ ಹೊಸದಾಗಿ ಓದಿ. ಮತ್ತೆ, ಅಭ್ಯಾಸ ಇಲ್ಲದೆ ಹೆಚ್ಚು ಸಮಯ ಸಿಕ್ಕಿದರೂ ಪ್ರಯೋಜನ ಕಡಿಮೆ. ನಾವು ಮಾಕ್ ಟೆಸ್ಟ್‌ನ ಗಡಿಯಾರವನ್ನು 80 ನಿಮಿಷಕ್ಕೆ ಇಟ್ಟಿದ್ದೇವೆ. ಇನ್ನೊಬ್ಬರು ಓದಿ ಹೇಳುವಾಗ "ನಿಲ್ಲಿಸಿ, ಮೂರನೇ ಸಾಲು ಮತ್ತೆ" ಅನ್ನಲೂ ಅಭ್ಯಾಸ ಬೇಕು. ಇವನಿಗೆ ಅದು ಮೊದಲು ತುಂಬಾ ಸಂಕೋಚವಾಗುತ್ತಿತ್ತು.

ಬ್ಯಾಚಿನಲ್ಲಿ ಒಬ್ಬಳು ಕೇಳಿದಳು, ಅವನಿಗೆ ಮಾತ್ರ ಯಾಕೆ ಜಾಸ್ತಿ ಟೈಮ್ ಅಂತ. ನ್ಯಾಯವಾದ ಪ್ರಶ್ನೆಯೇ. ಹುಡುಗನ ಒಪ್ಪಿಗೆ ಪಡೆದು ಎಲ್ಲರ ಎದುರು ಉತ್ತರ ಹೇಳಿದೆ: ಈ ಪರೀಕ್ಷೆ ನೋಡಬೇಕಾದ್ದು ಲೆಕ್ಕ ಬರುತ್ತದಾ, ಯೋಚನೆ ಬರುತ್ತದಾ ಅಂತ. ಓದುವುದರಲ್ಲೇ ಅವನ ಸಮಯ ಮುಗಿದರೆ ಅದು ಗೊತ್ತಾಗುವುದೇ ಇಲ್ಲ. ಆಮೇಲೆ ಅವಳೇ ಅವನಿಗೆ ಪ್ಯಾಸೇಜ್ ಓದಿ ಹೇಳಲು ಶುರು ಮಾಡಿದಳು.

ಈ ಓಡಾಟದ ನಡುವೆ ನ್ಯೂರೋಡೈವರ್ಸಿಟಿ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಮನುಷ್ಯರ ಮಿದುಳು ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುತ್ತದೆ, ಒಂದನ್ನು ಮಾತ್ರ ಸರಿ ಎಂದು ಉಳಿದದ್ದನ್ನು ಕೆಟ್ಟಿದೆ ಅನ್ನಬಾರದು, ಇದೇ ಅದರ ತಿರುಳು. 1990ರ ದಶಕದಲ್ಲಿ ಆಟಿಸಂ ಇರುವವರ ಬಳಗಗಳಲ್ಲೇ ಬೆಳೆದ ವಿಚಾರ. ಓದಿದ ಮೇಲೆ ಇನ್ನಿಬ್ಬರು ವಿದ್ಯಾರ್ಥಿಗಳು ಬೇರೆಯಾಗಿ ಕಂಡರು. ಒಬ್ಬಳು ಪ್ರತಿ ಪುಸ್ತಕವನ್ನೂ ಅರ್ಧಕ್ಕೆ ಬಿಡುತ್ತಿದ್ದಳು. ಅವಳಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೇ ಕಡೆ ನಿಲ್ಲಿಸುವುದು ಕಷ್ಟವಾಗುವ ಸ್ಥಿತಿ, ಅಂತ ಮನೋವೈದ್ಯರು ಹೇಳಿದ್ದಾರೆ. ಲಕ್ಷಣಗಳು 12 ವರ್ಷದ ಮೊದಲೇ ಇದ್ದವಾ ಅಂತ ಅವರು ಕೆದಕಿ ಕೇಳುತ್ತಾರೆ, ಹಾಗಾಗಿ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಬೇಸರದ ಸಂಗತಿ ಅಂದರೆ 21ರ ಪಟ್ಟಿಯಲ್ಲಿ ಎಡಿಎಚ್‌ಡಿ ಇಲ್ಲ. ಅದೊಂದೇ ಇದ್ದರೆ ಯುಡಿಐಡಿ ಸಿಗುವುದಿಲ್ಲ. ಇದು ಬದಲಾಗಬೇಕು. ಸದ್ಯಕ್ಕೆ ಅವಳು ಸಂಜೆ ನನ್ನ ಟೇಬಲಿನ ಎದುರು ಕೂತು ಓದುತ್ತಾಳೆ, ನಾನು ನನ್ನ ಕೆಲಸ ಮಾಡುತ್ತೇನೆ. ಜೊತೆಗೆ ಒಬ್ಬರು ಸುಮ್ನೆ ಇದ್ದರೆ ಸಾಕು, ಅವಳ ಓದು ಸಾಗುತ್ತದೆ.

ಇನ್ನೊಬ್ಬ ಆಟಿಸಂ ಇರುವವನು, ಬ್ಯಾಂಕಿನ ಪಿಒ (ಪ್ರೊಬೇಷನರಿ ಆಫೀಸರ್) ಹುದ್ದೆಯ ಸಂದರ್ಶನಕ್ಕೆ ತಯಾರಾಗುತ್ತಿದ್ದಾನೆ. "ನಿಮ್ಮ ಬಗ್ಗೆ ಹೇಳಿ" ಅಂದರೆ ಎಲ್ಲಿಂದ ಶುರು ಮಾಡಬೇಕು ಅಂತ ಅವನಿಗೆ ತಿಳಿಯುವುದಿಲ್ಲ. "ಓದು, ಊರು, ಬ್ಯಾಂಕ್ ಯಾಕೆ, ಈ ಮೂರನ್ನು ಎರಡು ನಿಮಿಷದಲ್ಲಿ ಹೇಳು" ಅಂದರೆ ಅಚ್ಚುಕಟ್ಟಾಗಿ ಹೇಳುತ್ತಾನೆ. ತಾವೂ ಆಟಿಸಂ ಇರುವ ಬ್ರಿಟಿಷ್ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯಿಂದ, ಆಟಿಸಂ ಇರುವವರ ಕಡೆಯಿಂದ ಮಾತ್ರ ಅಲ್ಲ. ನನ್ನ ಪ್ರಶ್ನೆಯನ್ನು ನಾನು ಬಿಡಿಸಿ ಕೇಳಿದಾಗ ಅದು ಕಣ್ಣೆದುರೇ ಕಾಣಿಸಿತು. ಕಣ್ಣಲ್ಲಿ ಕಣ್ಣಿಟ್ಟು ಮಾತಾಡು ಅಂತ ಅವನಿಗೆ ಹೇಳುವುದನ್ನೂ ಬಿಟ್ಟಿದ್ದೇನೆ. ಅದರ ಒತ್ತಡದಲ್ಲಿ ಉತ್ತರವೇ ಮರೆತು ಹೋಗುತ್ತಿತ್ತು.

ಹೊಸ ಬ್ಯಾಚಿನ ಸೇರ್ಪಡೆ ಫಾರಂನಲ್ಲಿ ಈಗ ಒಂದು ಪ್ರಶ್ನೆ ಸೇರಿಸಿದ್ದೇವೆ: "ಓದಿ, ಕೇಳಿ, ನೋಡಿ, ಮಾಡಿ, ಇದರಲ್ಲಿ ನಿಮಗೆ ಯಾವುದು ಸುಲಭ, ಯಾವುದು ಕಷ್ಟ?" ಉತ್ತರಿಸಲೇಬೇಕು ಅಂತಿಲ್ಲ. ಆದರೂ ತುಂಬಾ ಜನ ಪುಟ ತುಂಬಾ ಬರೆಯುತ್ತಿದ್ದಾರೆ. ಡಿಸ್ಲೆಕ್ಸಿಯಾ ಇರುವ ಹುಡುಗನ ಫೈಲಿನ ಒಂದು ಪ್ರತಿ ನನ್ನ ಹತ್ತಿರ ಇದೆ, ಹೆಸರು ಅಳಿಸಿ ಇಟ್ಟಿದ್ದೇನೆ. ಅರ್ಜಿ ಹೇಗಿರಬೇಕು, ವರದಿ ಹೇಗಿರಬೇಕು ಅಂತ ನೋಡಬೇಕಾದವರು ಕ್ಲಾಸ್ ಇಲ್ಲದ ಹೊತ್ತಿನಲ್ಲಿ, ಮಧ್ಯಾಹ್ನ ಎರಡರ ಮೇಲೆ ಬಂದರೆ ಕೂತು ನೋಡಬಹುದು.